ಕುಸುಬೆಯ ಕರಿಹೇನು, ಎಕ್ಕೆಯ ಹಳದಿಹೇನು: ಗಿಡ ನೋಡಿ ಹೇನಿನ ಹೆಸರು ಹೇಳಬಹುದೇ?

ಪ್ರಶ್ನೆ: ಗದಗ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ದೀಪಾವಳಿ ಮುಗಿದಾಗಿನಿಂದ ನನ್ನ ಹನ್ನೊಂದು ಜನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹೊಲ, ಬದು, ಹಿತ್ತಲುಗಳಲ್ಲಿ ಸಸ್ಯಹೇನುಗಳನ್ನು ಹುಡುಕಿ, ಯಾವ ಗಿಡದ ಮೇಲೆ ಯಾವ ಹೇನು ಇದೆ ಎಂಬುದರ ಪಟ್ಟಿಯೊಂದನ್ನು ಮಾಡುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಯ ಮಕ್ಕಳು. 'ಹೇನು ಬಿದ್ದಿದೆ' ಎಂಬ ಮಾತನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದವರಾದ್ದರಿಂದ ಹುಡುಕುವುದನ್ನು ನಾನು ಕಲಿಸಬೇಕಾಗಲಿಲ್ಲ. ಹೆಸರು ಹಚ್ಚುವಲ್ಲಿ ಮಾತ್ರ ಎಲ್ಲರೂ ನಿಂತಿದ್ದೇವೆ.

ಈವರೆಗೆ ಸಿಕ್ಕಿದ್ದು ಹೀಗಿದೆ. ಮುಳಗುಂದ ರಸ್ತೆಯ ಎಕ್ಕೆ ಗಿಡಗಳ ಎಳೆ ಎಲೆ, ಹೂಗೊಂಚಲುಗಳಲ್ಲಿ ಅರಿಸಿನದಂಥ ಹಳದಿ ಹೇನು. ಕಾಲೇಜಿನ ಕಾಂಪೌಂಡಿನ ಗ್ಲಿರಿಸಿಡಿಯಾ ಚಿಗುರಿನಲ್ಲಿ ಮಿರುಗುವ ಕರಿಹೇನು. ಕಡಲೆ ಹೊಲಕ್ಕೆ ಅಕ್ಕಡಿ ಹಾಕಿದ ಕುಸುಬೆಯ ಸಾಲಿನಲ್ಲಿ ಇನ್ನೊಂದು ಕರಿಹೇನು. ಹತ್ತಿ ಹಾಗೂ ಬೆಂಡೆಯ ಎಲೆಯ ಅಡಿಯಲ್ಲಿ ಒಂದೇ ಎಲೆಗೆ ತಿಳಿಹಳದಿಯೂ ಕಡುಹಸಿರೂ ಆದ ಹೇನು. ಬಿಳಿಜೋಳದ ಸುಳಿಯೊಳಗೆ ನೀಲಿಗಪ್ಪಿನ ಹಸಿರು ಹೇನು, ಅದೇ ಗಿಡದ ಕೆಳಗಿನ ಎಲೆಗಳಲ್ಲಿ ಮಾಸಲು ಹಳದಿ ಹೇನು. ಒಬ್ಬ ವಿದ್ಯಾರ್ಥಿನಿಯ ಹಿತ್ತಲಿನ ಪೇರಲ ಗಿಡದಲ್ಲಿ ಹಿಂಬದಿಗೆ ಎರಡು ಉದ್ದನೆಯ ಕೂದಲುಳ್ಳ ಕೊಂಬಿನಂಥ ಅಂಗವಿದ್ದ ಹೇನೊಂದು ಸಿಕ್ಕಿತು. ಅಂಥದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನನ್ನಿಂದಲೇ ಒಂದು ತಪ್ಪಾಗಿದೆ. ಮೊದಲ ಎರಡು ವಾರ ಒಂದು ದಿನ ಸಿಕ್ಕಿದ್ದನ್ನೆಲ್ಲ ಒಂದೇ ಸೀಸೆಯ ಸ್ಪಿರಿಟ್ಟಿಗೆ ಹಾಕಿಸಿದೆ. ಈಗ ಎಲ್ಲವೂ ಒಂದೇ ಮಾಸಲು ಬಣ್ಣಕ್ಕೆ ತಿರುಗಿ, ಯಾವುದು ಎಕ್ಕೆಯದು, ಯಾವುದು ಹತ್ತಿಯದು ಎಂದು ಹೇಳಲಾಗದಂತಾಗಿದೆ. ಮಕ್ಕಳು ಮತ್ತೆ ಹೊರಡಲು ಸಿದ್ಧರಿದ್ದಾರೆ, ಆದರೆ ಈ ಸಲ ಸರಿಯಾಗಿ ಮಾಡಬೇಕು.

ಕೇಳಬೇಕಾದದ್ದು ಇಷ್ಟು. ಗ್ಲಿರಿಸಿಡಿಯಾದ ಕರಿಹೇನೂ ಕುಸುಬೆಯ ಕರಿಹೇನೂ ಒಂದೆಯೇ? ಹತ್ತಿಯ ಮೇಲಿನ ಎರಡು ಬಣ್ಣದವು ಎರಡು ಪ್ರಭೇದಗಳೇ? ಎಕ್ಕೆಯ ಹೇನು ಬೆಳೆಗೆ ಇಳಿಯುತ್ತದೆ ಎಂದು ಹಲವರು ಬದುವಿನ ಎಕ್ಕೆಯನ್ನು ಕಡಿಯುತ್ತಾರೆ, ಅದರಲ್ಲಿ ಹುರುಳಿದೆಯೇ? ಜಗತ್ತಿನಲ್ಲಿ ಸುಮಾರು 5,000 ಪ್ರಭೇದಗಳಿವೆ ಎಂದು ಓದಿದ್ದೇನೆ. ಹೀಗಿರುವಾಗ ಇಷ್ಟು ಬಗೆಯ ಗಿಡಗಳಿರುವ ನಮ್ಮಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಏಕೆ ಸಿಗುತ್ತಿಲ್ಲ?

ಉತ್ತರ 1: ಧಾರವಾಡ, ಕೀಟಶಾಸ್ತ್ರ

ಮೇಡಂ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಸಸ್ಯಹೇನಿನ ವಿಷಯದಲ್ಲಿ ಆಶ್ರಯ ಸಸ್ಯದ ಹೆಸರು ಸರಿಯಾಗಿ ಗೊತ್ತಾದರೆ ಹೇನಿನ ಹೆಸರು ಅರ್ಧ ಗೊತ್ತಾದಂತೆ. ಉಳಿದರ್ಧಕ್ಕೆ ಹೇನನ್ನೇ ಭೂತಗನ್ನಡಿಯಲ್ಲಿ ನೋಡಬೇಕು, ಮತ್ತು ಅಲ್ಲಿ ಬಣ್ಣವನ್ನು ಎಲ್ಲಕ್ಕಿಂತ ಕಡಿಮೆ ನಂಬಬೇಕು.

ಕರಿಹೇನುಗಳಿಂದ ಆರಂಭಿಸುತ್ತೇನೆ. ಗ್ಲಿರಿಸಿಡಿಯಾದ ಮೇಲಿರುವುದು ಏಫಿಸ್ ಕ್ರ್ಯಾಸಿವೋರಾ, ಅಂದರೆ ಅಲಸಂದಿ ಹೇನು. ಬಲಿತ ಹೇನು ಪಾಲಿಶ್ ಹಾಕಿದಂತೆ ಮಿರುಗುವ ಕಪ್ಪು, ಕಾಲುಗಳು ಬಹುಪಾಲು ಬಿಳಿಚು, ಮರಿಗಳು ಮಾತ್ರ ತೆಳ್ಳಗೆ ಬೂದಿ ಎರಚಿದಂತೆ ಮಂಕಾಗಿರುತ್ತವೆ. ಶೇಂಗಾ, ಅಲಸಂದಿ, ಅವರೆ, ಹೆಸರು, ಕಡಲೆ ಹೀಗೆ ದ್ವಿದಳ ಕುಟುಂಬವೆಂದರೆ ಇದಕ್ಕೆ ಬಲು ಪ್ರೀತಿ. ಬೇರೆ ಕುಟುಂಬದ ಗಿಡಗಳಲ್ಲೂ ಅಲ್ಲಲ್ಲಿ ಸಿಗುತ್ತದೆ. ಕುಸುಬೆಯದು ಬೇರೆಯೇ ಕುಲಕ್ಕೆ ಸೇರಿದ ಯೂರೋಲ್ಯೂಕಾನ್ ಕಂಪೋಸಿಟೆ. ಗಾತ್ರದಲ್ಲಿ ದೊಡ್ಡದು, ಕಾಲು ಮತ್ತು ಮೀಸೆಗಳು ಉದ್ದ, ಬೆಳಕಿಗೆ ಹಿಡಿದರೆ ಕಪ್ಪಿನೊಳಗೆ ಕೆಂಪುಗಂದು ಛಾಯೆ ಕಾಣುತ್ತದೆ. ಇದು ಕುಸುಬೆ, ಸೇವಂತಿ, ಸೂರ್ಯಕಾಂತಿಗಳ ಕುಟುಂಬದ ಗಿಡಗಳನ್ನೇ ನೆಚ್ಚಿಕೊಂಡದ್ದು. ಎರಡನ್ನೂ ಒಂದೇ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರೆ ಮಕ್ಕಳು ಮತ್ತೆಂದೂ ತಪ್ಪುವುದಿಲ್ಲ.

ಹತ್ತಿಯ ಮೇಲಿನ ಎರಡು ಬಣ್ಣಗಳು ಹೆಚ್ಚಾಗಿ ಒಂದೇ ಪ್ರಭೇದ, ಏಫಿಸ್ ಗಾಸಿಪೈ. ಬಿಸಿಲು ಹೆಚ್ಚಾಗಿ, ಎಲೆ ಬಲಿತು, ಜಾಗ ಇಕ್ಕಟ್ಟಾದಾಗ ಹುಟ್ಟುವವು ಸಣ್ಣವೂ ತಿಳಿಹಳದಿಯೂ ಆಗಿರುತ್ತವೆ. ಹವೆ ತಂಪಾಗಿ, ಎಳೆ ಎಲೆಯ ರಸ ಹೇರಳವಾಗಿ ಸಿಕ್ಕಾಗ ಹುಟ್ಟುವವು ದಪ್ಪಗೆ, ಕಡುಹಸಿರು ಇಲ್ಲವೇ ಕಪ್ಪುಹಸಿರು ಆಗಿರುತ್ತವೆ. ಒಂದೇ ಎಲೆಯ ಮೇಲೆ ಎರಡೂ ಇರಬಹುದು. ಆದ್ದರಿಂದ ಬಣ್ಣ ಬಿಟ್ಟು ಬೆನ್ನಿನ ಹಿಂತುದಿಯನ್ನು ನೋಡಿ. ಅಲ್ಲಿ ಎರಡು ಕೊಳವೆಗಳಿರುತ್ತವೆ, ಅವುಗಳ ನಡುವೆ ಹಿಂದಕ್ಕೆ ಚಾಚಿದ ಪುಟ್ಟ ಬಾಲ ಇರುತ್ತದೆ. ಗಾಸಿಪೈಯಲ್ಲಿ ಮೈ ಯಾವ ಬಣ್ಣದ್ದಿದ್ದರೂ ಕೊಳವೆಗಳು ಕಪ್ಪು, ಬಾಲ ಅವುಗಳಿಗಿಂತ ತಿಳಿ. ಅಲಸಂದಿ ಹೇನಿನಲ್ಲಿ ಕೊಳವೆಯೂ ಕಪ್ಪು, ಬಾಲವೂ ಕಪ್ಪು. ಮೆಣಸಿನಕಾಯಿ, ಕೋಸು, ಆಲೂಗಡ್ಡೆಗಳಲ್ಲಿ ಸಿಗುವ ಮೈಜಸ್ ಪರ್ಸಿಕೆ ಎಂಬ ಹಸಿರು ಹೇನಿನ ಕೊಳವೆಗಳು ತಿಳಿಬಣ್ಣದವು, ಮತ್ತು ಅದರ ಎರಡು ಮೀಸೆಗಳ ಬುಡದಲ್ಲಿರುವ ಗುಬುಟುಗಳು ಒಂದಕ್ಕೊಂದು ಎದುರಾಗಿ ಒಳಕ್ಕೆ ಬಾಗಿರುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇದ್ದರೆ ಇವನ್ನೆಲ್ಲ ಹೊಲದಲ್ಲೇ ಕಾಣಬಹುದು.

ಬಿಳಿಜೋಳದ ಬಗ್ಗೆ ನಿಮ್ಮ ಮಕ್ಕಳು ನೋಡಿದ್ದು ನೂರಕ್ಕೆ ನೂರು ಸರಿ, ಅಲ್ಲಿರುವುದು ಎರಡು ಪ್ರಭೇದ. ಸುಳಿಯೊಳಗಿನ ನೀಲಿಹಸಿರಿನದು ರೋಪಾಲೋಸೈಫಮ್ ಮೈಡಿಸ್. ಗೋವಿನಜೋಳದ ಸುಳಿಯಲ್ಲೂ ಇದೇ ಇರುತ್ತದೆ. ಕೆಳಗಿನ ಎಲೆಗಳ ಅಡಿಯಲ್ಲಿರುವುದು ಮೆಲನಾಫಿಸ್. ಹಿಂಗಾರಿ ಜೋಳದ ಹೊಲದಲ್ಲಿ ಬೆಳಗ್ಗೆ ಹೋದರೆ ಕೆಲವು ಎಲೆಗಳ ಮೇಲ್ಮೈ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಮುಟ್ಟಿದರೆ ಬೆರಳಿಗೆ ಜಿಗಿಜಿಗಿ ಅಂಟುತ್ತದೆ, ಆದರೆ ಆ ಎಲೆಯ ಮೇಲೆ ಒಂದು ಹೇನೂ ಇರುವುದಿಲ್ಲ. ಅದರ ಮೇಲಿನ ಎಲೆಯನ್ನು ತಿರುಗಿಸಿ ನೋಡಿ, ಅಲ್ಲಿ ಅವು ಸಾಲುಗಟ್ಟಿ ಕುಳಿತು ಹೀರುತ್ತಿರುತ್ತವೆ; ಜಿಗಿ ಬಿದ್ದದ್ದು ಅಲ್ಲಿಂದ. ಕೆಲವು ದಿನಗಳಲ್ಲಿ ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಮೇವು ಕೆಡುತ್ತದೆ. (ಬೇಸಾಯದ ಕೈಪಿಡಿಗಳು 'ಜಿಗಿಹುಳು' ಎನ್ನುವುದು ಹತ್ತಿಯಲ್ಲಿ ಅಡ್ಡಡ್ಡ ಓಡುವ ಬೇರೊಂದು ಕೀಟವನ್ನು. ರೈತರು 'ಜಿಗಿ ಬಿದ್ದಿದೆ' ಎಂದರೆ ಹೆಚ್ಚಾಗಿ ಹೇನಿನ ಅಂಟಿನ ಮಾತು. ಮಕ್ಕಳು ಮನೆಯವರನ್ನು ಕೇಳಿ ಬರೆದುಕೊಳ್ಳುವಾಗ ಇದನ್ನು ಬಿಡಿಸಿ ಕೇಳಬೇಕು.) ಈ ಮೆಲನಾಫಿಸ್‌ ಅನ್ನು ಬಹುಕಾಲ ಸ್ಯಾಕರೈ ಎಂಬ ಒಂದೇ ಹೆಸರಿನಿಂದ ಕರೆದರು. 2013ರಿಂದ ಅಮೆರಿಕದ ಜೋಳದ ಹೊಲಗಳಲ್ಲಿ ಅದು ಭಾರಿ ಹಾವಳಿ ಎಬ್ಬಿಸಿದ ಮೇಲೆ ಸೂಕ್ಷ್ಮವಾಗಿ ಪರಿಶೀಲಿಸಿದವರು, ಸಾರ್ಗೈ ಎಂಬುದು ಬೇರೆಯೇ ಪ್ರಭೇದವೆಂದು 2021ರಲ್ಲಿ ವಿಂಗಡಿಸಿದರು. ಇವೆರಡನ್ನು ಹೊಲದಲ್ಲಿ ಬೇರ್ಪಡಿಸಲು ಬರುವುದಿಲ್ಲವಾದ್ದರಿಂದ ನಿಮ್ಮ ಪಟ್ಟಿಯಲ್ಲಿ ಕುಲದ ಹೆಸರನ್ನಷ್ಟೇ ಬರೆದು ನಿಲ್ಲಿಸಿ.

ಎಕ್ಕೆಯ ಹಳದಿ ಹೇನು ಏಫಿಸ್ ನೀರಿಯೈ. ಎಕ್ಕೆ, ಕಣಗಿಲೆ ಮುಂತಾದ ಹಾಲುಬರುವ ಗಿಡಗಳ ಒಂದೇ ಕುಟುಂಬವನ್ನು ಅದು ಹಿಡಿದುಕೊಂಡಿದೆ. ಆ ಗಿಡಗಳಲ್ಲಿ ಹೃದಯದ ಬಡಿತವನ್ನೇ ಕೆಡಿಸುವಂಥ ವಿಷವಸ್ತುಗಳಿವೆ. ಹೇನು ಅವನ್ನು ತನ್ನ ಮೈಯಲ್ಲಿ ಶೇಖರಿಸಿಕೊಂಡು ರಕ್ಷಣೆಗೆ ಬಳಸುತ್ತದೆ, ಎದ್ದು ಕಾಣುವ ಆ ಹಳದಿ ಬಣ್ಣ ಶತ್ರುಗಳಿಗೆ ಕೊಡುವ ಎಚ್ಚರಿಕೆ. ಅದು ಹತ್ತಿಗಾಗಲಿ, ಜೋಳಕ್ಕಾಗಲಿ, ಕಡಲೆಗಾಗಲಿ ಇಳಿದು ಸಂಸಾರ ಹೂಡುವುದಿಲ್ಲ. ಅದನ್ನು ತಿಂದು ಬೆಳೆಯುವ ಅಂಕುಡೊಂಕು ಗೆರೆಯ ಗುಲಗಂಜಿ ಹುಳುಗಳು ಮಾತ್ರ ಖಂಡಿತವಾಗಿ ಪಕ್ಕದ ಹೊಲಕ್ಕೆ ಹಾರಿ ಬರುತ್ತವೆ. ಬದುವಿನ ಎಕ್ಕೆ ಕಡಿಯಬೇಡಿ ಎಂದು ನಾನು ಎಲ್ಲೆಡೆ ಹೇಳುತ್ತಾ ಬಂದಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಪೇರಲದ ಮೇಲೆ ಸಿಕ್ಕಿದ್ದು ಗ್ರೀನಿಡಿಯಾ ಕುಲದ್ದು. ಉದ್ದನೆಯ ಕೂದಲುಳ್ಳ ಕೊಳವೆಯೇ ಅದರ ಗುರುತು. ಆ ವಿದ್ಯಾರ್ಥಿನಿಯ ಕಣ್ಣು ಚುರುಕಾಗಿದೆ.

ಇನ್ನು ಸಂಗ್ರಹದ ರೀತಿ. ಒಂದು ಗಿಡದ ಒಂದು ಗುಂಪಿಗೆ ಒಂದೇ ಸೀಸೆ, ಎಷ್ಟೇ ಆತುರವಿದ್ದರೂ ಎರಡು ಗುಂಪು ಬೆರೆಸಬಾರದು. ನೀರಿನಲ್ಲಿ ಅದ್ದಿದ ಸಣ್ಣ ಕುಂಚದಿಂದ ಹೇನನ್ನು ಮೊದಲು ಮೆಲ್ಲಗೆ ಕೆಣಕಿ, ಅದು ತನ್ನ ಸೂಜಿಯಂಥ ಬಾಯನ್ನು ಎಲೆಯಿಂದ ಹೊರತೆಗೆದ ಮೇಲೆ ಎತ್ತಿ 70ರಿಂದ 80 ಶೇಕಡಾ ಆಲ್ಕೋಹಾಲಿಗೆ ಹಾಕಬೇಕು. ಎಳೆದು ಕಿತ್ತರೆ ಬಾಯಿ ಮುರಿಯುತ್ತದೆ. ರೆಕ್ಕೆಯಿಲ್ಲದ ಬಲಿತವು, ರೆಕ್ಕೆಯವು ಸಿಕ್ಕರೆ ಅವು, ಕೆಲವು ಮರಿಗಳು ಇಷ್ಟಿದ್ದರೆ ಸಾಕು. ಜೀವಂತವಿದ್ದಾಗಿನ ಬಣ್ಣ, ಊರು, ದಿನಾಂಕ, ಗಿಡದ ಯಾವ ಭಾಗ, ಇರುವೆಗಳಿದ್ದವೇ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಸೀಸೆಯ ಒಳಗೇ ಇರಲಿ, ಏಕೆಂದರೆ ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಹೂವಿರುವ ಟೊಂಗೆಯೊಂದನ್ನು ಒಣಗಿಸಿ ಇಡಿ.

ಉತ್ತರ 2: ನವಲಗುಂದ ಎರೆಹೊಲ

ಮೇಡಂ ಅವರಿಗೂ ಸರ್ ಅವರಿಗೂ ನಮಸ್ಕಾರ. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ಮೂವತ್ತು ವರ್ಷದಿಂದ ಎರೆಹೊಲದಲ್ಲಿ ಕಡಲೆ, ಬಿಳಿಜೋಳ, ಕುಸುಬೆ ಬೆಳೆಯುತ್ತಿದ್ದೇನೆ. ಸರ್ ಅವರು ಎರಡು ಕರಿಹೇನಿನ ವ್ಯತ್ಯಾಸ ಹೇಳಿದ್ದನ್ನು ಓದಿದಾಗ ಮೂರು ವರ್ಷದ ಹಿಂದೆ ನನಗಾದ ನಷ್ಟದ ಕಾರಣ ತಿಳಿಯಿತು.

ನಮ್ಮಲ್ಲಿ ಕಡಲೆಯ ಸುತ್ತ ಕುಸುಬೆಯ ಅಕ್ಕಡಿ ಸಾಲು ಹಾಕುವುದು ಹಿರಿಯರ ಕಾಲದ ರೂಢಿ, ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ ಎಂಬುದು ಅದರ ಲೆಕ್ಕ. ಆ ವರ್ಷ ಮಳೆ ಹಿಂದಕ್ಕೆ ಸರಿದು ಬಿತ್ತನೆ ನವೆಂಬರಿಗೆ ಹೋಯಿತು. ಡಿಸೆಂಬರ್ ಕೊನೆಯಲ್ಲಿ ಅಕ್ಕಡಿಯ ಕುಸುಬೆ ತುದಿಯಿಂದ ಗೇಣುದ್ದದವರೆಗೆ ಕಾಂಡವೇ ಕಾಣದಷ್ಟು ಕಪ್ಪಾಯಿತು. ಔಷಧ ಕೊಂಡ ಅಂಗಡಿಯಲ್ಲಿ 'ಇವತ್ತು ಅಕ್ಕಡಿ, ನಾಳೆ ಕಡಲೆ' ಎಂದು ಹೆದರಿಸಿದರು. ಇಡೀ ಹೊಲಕ್ಕೆ ಎರಡು ಸಲ ಹೊಡೆದೆ. ಎರಡನೆಯ ಸಲ ಹೊಡೆದ ಮರುದಿನ ಬೆಳಗ್ಗೆ ಸಾಲಿನ ಬುಡದಲ್ಲಿ ಬಿದ್ದಿದ್ದ ಗುಲಗಂಜಿ ಹುಳುಗಳನ್ನು ನನ್ನ ಮಗಳು ಅಂಗೈಯಲ್ಲಿ ಆರಿಸಿ ತಂದು ತೋರಿಸಿದಳು, ಅಂಗೈ ತುಂಬಿತ್ತು. ಕಡಲೆಯಲ್ಲಿ ಅದುವರೆಗೆ ಹೇನೇ ಇರಲಿಲ್ಲ. ಕುಸುಬೆಯ ಹೇನು ಕಡಲೆಗೆ ಹೋಗುವ ಜಾತಿಯೇ ಅಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ಸಾಲಿಗಷ್ಟೇ ಹೊಡೆದು ಸುಮ್ಮನಾಗುತ್ತಿದ್ದೆ.

ಅಲ್ಲಿಂದ ಮುಂದೆ ಒಂದು ಮಾತನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಸುಬೆಯ ಸಂಶೋಧನೆ ನಡೆಯುತ್ತದೆ, ಅಲ್ಲಿಗೆ ಹೋಗಿ ಬಂದವರು ಹೇಳುವುದೂ ನಮ್ಮ ಹಿರಿಯರು ಹೇಳುತ್ತಿದ್ದುದೂ ಒಂದೇ: ಹದ ಸಿಕ್ಕರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತಬೇಕು. ಚಳಿಯಲ್ಲಿ ಹೇನು ಏರುವ ಹೊತ್ತಿಗೆ ಕಾಂಡ ಬಲಿತಿದ್ದರೆ ಅದಕ್ಕೆ ಅಷ್ಟು ರುಚಿಸುವುದಿಲ್ಲ. ತಡವಾಗಿ ಬಿತ್ತಿದ ವರ್ಷವೇ ಹಾವಳಿ ಹೆಚ್ಚು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇನು ಮೊದಲು ಏರುವುದು ಹೊಲದ ಅಂಚಿನ ಗಿಡಗಳಿಗೆ, ಆಮೇಲೆ ಒಳಕ್ಕೆ. ಆದ್ದರಿಂದ ಮೇಡಂ, ಮಕ್ಕಳು ಹೊಲದ ನಡುವೆ ಹೋಗಿ ಬೆಳೆ ತುಳಿಯುವ ಬದಲು ಅಂಚಿನ ಸಾಲುಗಳನ್ನೇ ನೋಡಿದರೆ ಅವರಿಗೂ ಸಿಗುತ್ತದೆ, ರೈತರೂ ಬೇಡ ಎನ್ನುವುದಿಲ್ಲ.

ಒಂದು ಸಂದೇಹ ಸರ್. ಬ್ಯಾಡಗಿ ಮೆಣಸಿನಕಾಯಿ ಹಾಕುವ ನಮ್ಮ ಬೀಗರು ಹೇನಿಗೆ ಎಷ್ಟು ಹೊಡೆದರೂ ಎಲೆಯಲ್ಲಿ ಹಳದಿ ಹಸಿರು ಮಚ್ಚೆಯ ರೋಗ ನಿಲ್ಲುತ್ತಿಲ್ಲ ಎನ್ನುತ್ತಾರೆ. ಹೇನು ಸತ್ತ ಮೇಲೂ ರೋಗ ಏಕೆ?

ಉತ್ತರ 3: ಧಾರವಾಡ, ಕೀಟಶಾಸ್ತ್ರ

ನಿಮ್ಮ ಬೀಗರು ಹೇಳುವುದು ನಿಜ. ಆ ಮಚ್ಚೆಗೆ ಕಾರಣ ವೈರಸ್, ಹೇನು ಅದನ್ನು ಹೊತ್ತು ತರುವ ವಾಹಕ. ಮೈಜಸ್ ಪರ್ಸಿಕೆ ಒಂದೇ ನೂರಕ್ಕೂ ಹೆಚ್ಚು ಸಸ್ಯ ವೈರಸ್‌ಗಳನ್ನು ಹರಡಬಲ್ಲದು. ಮೆಣಸಿನಕಾಯಿಯ ಮೊಸಾಯಿಕ್ ವೈರಸ್‌ಗಳಲ್ಲಿ ಹಲವು ಹೇನಿನ ಬಾಯಿಯ ತುದಿಗೆ ಅಂಟಿಕೊಂಡು ಬರುವಂಥವು. ರೆಕ್ಕೆಯ ಹೇನು ಗಿಡದ ಮೇಲೆ ಇಳಿದು 'ಇದು ನನ್ನ ಗಿಡವೇ' ಎಂದು ತಿಳಿಯಲು ಒಮ್ಮೆ ಚುಚ್ಚಿ ನೋಡುತ್ತದೆ. ಆ ಕೆಲವು ಸೆಕೆಂಡುಗಳ ಚುಚ್ಚುವಿಕೆಯಲ್ಲೇ ವೈರಸ್ ಒಳಗೆ ಹೋಗಿರುತ್ತದೆ. ಔಷಧ ಅದನ್ನು ಕೊಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮೆಣಸಿನಕಾಯಿಯಲ್ಲಿ ನೆಲೆಸದ, ಸುಮ್ಮನೆ ಹಾದುಹೋಗುವ ಬೇರೆ ಗಿಡದ ಹೇನುಗಳೂ ಹೀಗೆ ಚುಚ್ಚಿ ರೋಗ ದಾಟಿಸಬಲ್ಲವು, ಅವು ನಿಮ್ಮ ಗಿಡದಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಮೆಣಸಿನಕಾಯಿ ಹೊಲದ ಸುತ್ತ ಮೊದಲೇ ಎರಡು ಮೂರು ಸಾಲು ಗೋವಿನಜೋಳ ಅಥವಾ ಜೋಳ ಹಾಕಿ ಎತ್ತರ ಬೆಳೆಸಬೇಕು. ಹಾರಿ ಬಂದ ಹೇನು ಮೊದಲು ಅಲ್ಲಿ ಇಳಿದು ಚುಚ್ಚಿ, ಬಾಯಿಗಂಟಿದ ವೈರಸ್ಸನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಎಲೆ ಮುದುಡುವ ಮುರಡು ರೋಗ ಇದಲ್ಲ, ಅದು ಥ್ರಿಪ್ಸ್ ಮತ್ತು ಮೈಟ್ ನುಸಿಗಳಿಂದ ಬರುವಂಥದ್ದು.

ಉತ್ತರ 4: ಹಾನಗಲ್ಲ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ

ಮೇಡಂ ಕೇಳಿದ ಕೊನೆಯ ಪ್ರಶ್ನೆ, 'ನಮ್ಮಲ್ಲಿ ಇಷ್ಟು ಕಡಿಮೆ ಏಕೆ', ಉತ್ತರವಿಲ್ಲದೆ ಉಳಿದಿದೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಶ್ನೆಯೂ ಅದೇ.

ಹೆಚ್ಚಿನ ಕೀಟ ಗುಂಪುಗಳು ಉಷ್ಣವಲಯದಲ್ಲಿ ಸಮೃದ್ಧವಾಗಿದ್ದು ಶೀತ ದೇಶಗಳ ಕಡೆಗೆ ಹೋದಂತೆ ಕಡಿಮೆಯಾಗುತ್ತವೆ. ಸಸ್ಯಹೇನುಗಳದು ತದ್ವಿರುದ್ಧ. ಯುರೋಪು, ಉತ್ತರ ಅಮೆರಿಕ, ಸಮಶೀತೋಷ್ಣ ಏಷ್ಯಾಗಳಲ್ಲಿ ಅವುಗಳ ಪ್ರಭೇದಗಳು ಹೆಚ್ಚು. ಭಾರತದಲ್ಲಿಯೂ ಹೆಚ್ಚಿನ ಪ್ರಭೇದಗಳು ದಾಖಲಾಗಿರುವುದು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಿಂದ. ಇಂಗ್ಲೆಂಡಿನ ಆಂಥನಿ ಡಿಕ್ಸನ್ ಮತ್ತು ಸಂಗಡಿಗರು 1987ರಲ್ಲಿ ಇದಕ್ಕೊಂದು ಕಾರಣ ಕೊಟ್ಟರು, ಅದು ನನಗೆ ಇಂದಿಗೂ ಒಪ್ಪಿಗೆಯಾಗುತ್ತದೆ. ಬಹುಪಾಲು ಹೇನುಗಳು ಒಂದೋ ಎರಡೋ ಗಿಡಗಳಿಗೆ ಕಟ್ಟುಬಿದ್ದವು. ರೆಕ್ಕೆ ಬಂದ ಹೇನು ಗಾಳಿ ಒಯ್ದಲ್ಲಿಗೆ ಹೋಗುತ್ತದೆ, ಹಸಿವು ತಡೆದು ಬಹಳ ದಿನ ಬದುಕಲಾರದು. ಹಾಗಾಗಿ ಅದರ ಗಿಡ ಆ ಸೀಮೆಯಲ್ಲಿ ಹೇರಳವಾಗಿದ್ದರೆ ಮಾತ್ರ ಅದಕ್ಕೆ ಉಳಿಗಾಲ. ಉಷ್ಣವಲಯದ ಕಾಡಿನಲ್ಲಿ ಗಿಡಗಳ ಬಗೆ ಸಾವಿರ, ಆದರೆ ಒಂದೊಂದು ಬಗೆಯೂ ಅಲ್ಲೊಂದು ಇಲ್ಲೊಂದು. ಗಿಡಗಳ ವೈವಿಧ್ಯ ಹೆಚ್ಚಾದಷ್ಟೂ ಹೇನಿಗೆ ತನ್ನ ಗಿಡ ಸಿಗುವ ಸಂಭವ ಕಡಿಮೆ.

ಈಗ ನಿಮ್ಮ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಕುಸುಬೆ, ಜೋಳ, ಹತ್ತಿ ಮೈಲುಗಟ್ಟಲೆ ಹರಡಿದ ಬೆಳೆಗಳು; ಎಕ್ಕೆ ರಸ್ತೆಯುದ್ದಕ್ಕೂ ಇರುವ ಗಿಡ. ನಮ್ಮ ಎರೆನಾಡಿನಲ್ಲಿ ಹೇನಿಗೆ ಬೇಕಾದ ಹೇರಳತೆ ದೊರಕಿಸಿದ್ದು ಬೇಸಾಯವೇ. ಉಳಿದವು ಏಫಿಸ್ ಗಾಸಿಪೈ, ಮೈಜಸ್ ಪರ್ಸಿಕೆಗಳಂತೆ ಹತ್ತಾರು ಕುಟುಂಬದ ಗಿಡಗಳಲ್ಲಿ ಬಾಳಬಲ್ಲ, ಜಗತ್ತಿನ ಎಲ್ಲ ಕಡೆ ಹಬ್ಬಿದ ಪ್ರಭೇದಗಳು.

ಚಳಿಗಾಲವೂ ಇಲ್ಲಿ ಸೇರುತ್ತದೆ. ಶೀತ ದೇಶಗಳಲ್ಲಿ ಶರತ್ಕಾಲ ಬಂದಾಗ ಗಂಡು ಹೆಣ್ಣು ಹುಟ್ಟಿ, ಕೂಡಿ, ಹಿಮ ತಡೆಯುವ ಮೊಟ್ಟೆ ಇಡುತ್ತವೆ. ಮೈಜಸ್ ಪರ್ಸಿಕೆ ಆ ಮೊಟ್ಟೆಯನ್ನು ಪೀಚ್ ಮರದ ಮೇಲೆ ಇಡುತ್ತದೆ. ನಮ್ಮ ಬಯಲಿನಲ್ಲಿ ಪೀಚ್ ಮರವೂ ಇಲ್ಲ, ಅಂಥ ಚಳಿಯೂ ಇಲ್ಲ. ಇಲ್ಲಿ ವರ್ಷವಿಡೀ ಹೆಣ್ಣು ಹೇನು ಗಂಡಿನ ನೆರವಿಲ್ಲದೆ ಹೆಣ್ಣು ಮರಿಗಳನ್ನೇ ಈಯುತ್ತದೆ, ಮತ್ತು ಆ ಮರಿ ಹುಟ್ಟುವ ಮೊದಲೇ ಅದರ ಹೊಟ್ಟೆಯೊಳಗೆ ಮುಂದಿನ ತಲೆಮಾರಿನ ಭ್ರೂಣ ಬೆಳೆಯತೊಡಗಿರುತ್ತದೆ. ಹವೆ ಹಿತವಾಗಿದ್ದರೆ ಮರಿ ಸುಮಾರು ಒಂದು ವಾರದಲ್ಲಿ ತಾಯಿಯಾಗುತ್ತದೆ. ನವಲಗುಂದದ ಗೆಳೆಯರ ಕುಸುಬೆ ಹದಿನೈದು ದಿನದಲ್ಲಿ ಕಪ್ಪಾಗುವುದು ಇದರಿಂದಲೇ.

ಹೇನಿನ ಹರಹು ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಒಂದು ನಿದರ್ಶನವಿದೆ. ಕಬ್ಬಿನ ಬಿಳಿ ಉಣ್ಣೆ ಹೇನು, ಸೆರಟೋವ್ಯಾಕ್ಯೂನಾ ಲ್ಯಾನಿಜೆರಾ, ಬಂಗಾಳ ಮತ್ತು ಈಶಾನ್ಯದಲ್ಲಿ ದಶಕಗಳಿಂದ ಇತ್ತು. 2002ರಲ್ಲಿ ಅದು ಸಾಂಗಲಿಯ ಕಬ್ಬಿನಲ್ಲಿ ಕಾಣಿಸಿಕೊಂಡು, ಕೆಲವೇ ತಿಂಗಳಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಗೆ ಇಳಿದು ಬಂತು. ಎಲೆಯ ಅಡಿ ಹತ್ತಿ ಅಂಟಿಸಿದಂತೆ ಬೆಳ್ಳಗೆ, ಕೆಳಗಿನ ಎಲೆಗಳು ಬೂಷ್ಟು ಹಿಡಿದು ಕಪ್ಪಗೆ. ಆ ವರ್ಷಗಳಲ್ಲಿ ಕಬ್ಬಿನ ಹೊಲ ಹೊಕ್ಕು ಬಂದವರ ಅಂಗಿಯ ತೋಳೆಲ್ಲ ಬಿಳಿ ಪುಡಿ. ಕೊನೆಗೆ ಅದನ್ನು ಹದ್ದಿನಲ್ಲಿ ಇಟ್ಟದ್ದು ಡೈಫಾ ಎಂಬ ಪತಂಗದ ಹುಳುಗಳೂ ಮೈಕ್ರೋಮಸ್ ಎಂಬ ಜಾಲರೆಕ್ಕೆಯ ಕೀಟವೂ. ಅವು ಹೇನನ್ನೇ ತಿಂದು ಬದುಕುವಂಥವು, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅವನ್ನು ಬೆಳೆಸಿ ಹೊಲಕ್ಕೆ ಬಿಡುವ ಕೆಲಸವನ್ನೂ ಮಾಡಿದರು.

ಮಕ್ಕಳ ಪಟ್ಟಿ ಬೆಳೆಯಬೇಕಾದರೆ ಹೊಲ ಬಿಟ್ಟು ಹೊರಬನ್ನಿ. ಕಪ್ಪತಗುಡ್ಡದ ಅಂಚಿನ ಕುರುಚಲು ಗಿಡಗಳು, ಆಲ ಬಸರಿಯಂಥ ಮರಗಳ ಚಿಗುರು, ನಿಂಬೆಯ ಎಳೆ ಎಲೆ, ಹಿತ್ತಲಿನ ಸೇವಂತಿ, ಇವನ್ನು ತಪ್ಪದೆ ನೋಡಿ. ಬಾಳೆಯಲ್ಲಿ ಎಲೆಯ ಮೇಲಲ್ಲ, ಎಲೆತೊಟ್ಟಿನ ಪೊರೆ ಕಾಂಡಕ್ಕೆ ಅಂಟಿದ ಸಂದಿಯಲ್ಲಿ ಹುಡುಕಬೇಕು. ಪೆಂಟಲೋನಿಯಾ ಎಂಬ ಕಂದು ಹೇನು ಅಲ್ಲಿ ಅಡಗಿರುತ್ತದೆ, ಬಾಳೆಯ ತುದಿ ಗೊಂಚಲಾಗುವ ವೈರಸ್ ರೋಗವನ್ನು ಹರಡುವುದು ಅದೇ. ಕಲಘಟಗಿ, ಹಾನಗಲ್ಲ ಕಡೆಗೆ ಬರುವುದಾದರೆ ಬಿದಿರ ಮೆಳೆಗಳನ್ನು ನಾನೇ ತೋರಿಸುತ್ತೇನೆ. ಬಿದಿರನ್ನು ನೆಚ್ಚಿದ ಸೂಡೋರೆಗ್ಮಾ ಎಂಬ ಕುಲದಲ್ಲಿ ಕೆಲವು ಮರಿಗಳು ದಪ್ಪ ಮುಂಗಾಲು, ಚೂಪು ಕೊಂಬುಗಳೊಂದಿಗೆ ಸೈನಿಕರಾಗಿಯೇ ಹುಟ್ಟಿ ಗುಂಪನ್ನು ಕಾಯುತ್ತವೆ.

ಪ್ರಶ್ನೆ ಕೇಳಿದವರ ಮರುನುಡಿ: ಗದಗ ಉಪನ್ಯಾಸಕಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿ ಪ್ರಯೋಗಾಲಯದ ಗೋಡೆಗೆ ಹಚ್ಚಿದ್ದೇನೆ. ಹಳೆಯ ಸೀಸೆಗಳನ್ನು ಪಕ್ಕಕ್ಕಿಟ್ಟು ಶನಿವಾರ ಮತ್ತೆ ಮೊದಲಿನಿಂದ ಆರಂಭಿಸಿದೆವು, ಈ ಸಲ ಪೆನ್ಸಿಲ್ಲಿನ ಚೀಟಿಯೊಂದಿಗೆ. ಇಬ್ಬರು ಹುಡುಗರು ಗ್ಲಿರಿಸಿಡಿಯಾ ಮತ್ತು ಕುಸುಬೆಯ ಕರಿಹೇನುಗಳನ್ನು ಬಿಳಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಬಿಳಿಚು ಕಾಲು ಎಲ್ಲರಿಗೂ ಒಂದೇ ನೋಟಕ್ಕೆ ಕಂಡಿತು. ಕುಸುಬೆಯ ಒಂದು ಟೊಂಗೆಯಲ್ಲಿ ಕೆಲವು ಹೇನುಗಳು ಉಬ್ಬಿ, ಗೋಧಿಬಣ್ಣಕ್ಕೆ ತಿರುಗಿ, ಕದಲದೆ ಅಂಟಿಕೊಂಡಿದ್ದವು, ಒಂದರ ಬೆನ್ನಲ್ಲಿ ಕೊರೆದಂತೆ ದುಂಡನೆಯ ತೂತಿತ್ತು. ಒಳಗಿನಿಂದ ಸಣ್ಣ ಕಣಜ ಹೊರಬಂದಿರಬೇಕು ಎಂದುಕೊಂಡು, ತೂತಾಗದ ಆರನ್ನು ಎಲೆಸಮೇತ ಗಾಜಿನ ನಳಿಕೆಯಲ್ಲಿ ಹಾಕಿ ಬಾಯಿಗೆ ಅರಳೆ ತುರುಕಿ ಇಟ್ಟಿದ್ದೇವೆ. ಹೊರಬಂದದ್ದರ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ. ಹಾನಗಲ್ಲಿನ ಸರ್, ಜನವರಿಯ ಎರಡನೆಯ ಭಾನುವಾರ ಹನ್ನೊಂದು ಜನರನ್ನು ಕರೆದುಕೊಂಡು ಬಂದರೆ ನಿಮಗೆ ಅನುಕೂಲವಾಗುವುದೇ?